ರೋಗಿ ಹೊರಗೆ, ಗುಮಾಸ್ತ ಒಳಗೆ: ಅಮೆರಿಕದ ‘ಅನಿರೀಕ್ಷಿತ ಬಿಲ್’ ಕಾನೂನು ನಡೆದುಬಂದ ದಾರಿ

ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಗೆ ಹೋಗುವವರು ಆಸ್ಪತ್ರೆಯನ್ನು ಆರಿಸಿಕೊಳ್ಳಬಹುದು, ಶಸ್ತ್ರಚಿಕಿತ್ಸಕರನ್ನೂ ಆರಿಸಿಕೊಳ್ಳಬಹುದು. ಅರಿವಳಿಕೆ ಕೊಡುವವರು ಯಾರು, ತೆಗೆದ ಗಡ್ಡೆಯ ತುಣುಕನ್ನು ಪರೀಕ್ಷಿಸುವವರು ಯಾರು, ಸ್ಕ್ಯಾನ್ ನೋಡಿ ವರದಿ ಬರೆಯುವವರು ಯಾರು ಎಂಬುದು ಮಾತ್ರ ಅವರ ಕೈಯಲ್ಲಿಲ್ಲ. ಹಲವೆಡೆ ಇವರು ಆಸ್ಪತ್ರೆಯ ನೌಕರರೇ ಅಲ್ಲ. ಬೇರೆ ಕಂಪನಿಯವರು, ಬೇರೆಯೇ ಬಿಲ್ ಕಳಿಸುವವರು. ಆಸ್ಪತ್ರೆ ವಿಮೆಯ ನೆಟ್‌ವರ್ಕ್‌ನಲ್ಲಿದ್ದು, ಅಂದರೆ ವಿಮಾ ಕಂಪನಿಯ ಜೊತೆ ದರದ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲಿದ್ದು, ಈ ವೈದ್ಯರು ಹೊರಗಿದ್ದರೆ ವಿಮಾ ಕಂಪನಿ ತನಗೆ ಸರಿ ಕಂಡಷ್ಟು ಕೊಟ್ಟು ಸುಮ್ಮನಾಗುತ್ತಿತ್ತು. ಉಳಿದ ಮೊತ್ತದ ಬಿಲ್, ಹೊಲಿಗೆ ಮಾಯ್ದ ಎಷ್ಟೋ ದಿನಗಳ ಮೇಲೆ, ಅಂಚೆಯಲ್ಲಿ ರೋಗಿಯ ಮನೆಗೆ ಬರುತ್ತಿತ್ತು. ಬ್ಯಾಲೆನ್ಸ್ ಬಿಲ್ಲಿಂಗ್ ಎನ್ನುವುದು ಇದಕ್ಕೇ.

2022ರ ಜನವರಿ 1ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆಕ್ಟ್ ಇದಕ್ಕೆ ತಡೆ ಹಾಕಿತು. ರೋಗಿಯ ಮಟ್ಟಿಗೆ ಆ ತಡೆ ಬಹುಮಟ್ಟಿಗೆ ಕೆಲಸ ಮಾಡಿದೆ. ಆದರೆ ಹಣದ ಜಗಳ ಮುಗಿಯಲಿಲ್ಲ. ರೋಗಿಯ ಅಂಚೆಪೆಟ್ಟಿಗೆಯಿಂದ ಎದ್ದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಹೋಗಿ ಕುಳಿತಿತು. ಆ ವಿಭಾಗದ ಒಂದಷ್ಟು ಮೇಜುಗಳು ಬೆಂಗಳೂರಿನಲ್ಲಿವೆ ಎನ್ನುವುದರಿಂದ ಈ ಕಥೆ ನಮಗೂ ತೀರಾ ದೂರದ್ದಲ್ಲ.

ಮೂಲ ಇರುವುದು 1970ರ ದಶಕದಲ್ಲಿ. 1973ರ ಎಚ್‌ಎಂಒ ಕಾಯ್ದೆ, ನಿಗದಿತ ವೈದ್ಯರ ಪಟ್ಟಿಯೊಳಗೇ ಚಿಕಿತ್ಸೆ ಕೊಡಿಸುವ ವಿಮಾ ಪದ್ಧತಿಗೆ ಕೇಂದ್ರ ಸರ್ಕಾರದ ಬೆಂಬಲ ಕೊಟ್ಟಿತು. ಮುಂದಿನ ಎರಡು ದಶಕಗಳಲ್ಲಿ ನೆಟ್‌ವರ್ಕ್ ಎಂಬುದು ಅಮೆರಿಕದ ವಿಮೆಯ ಬೆನ್ನೆಲುಬಾಯಿತು. ಒಪ್ಪಂದ ಸರಳ: ವಿಮಾ ಕಂಪನಿ ರೋಗಿಗಳನ್ನು ಕಳಿಸುತ್ತದೆ, ವೈದ್ಯರು ದರ ಇಳಿಸುತ್ತಾರೆ, ಇಳಿಸಿದ್ದನ್ನು ರೋಗಿಯಿಂದ ವಸೂಲು ಮಾಡುವುದಿಲ್ಲವೆಂದು ಸಹಿ ಹಾಕುತ್ತಾರೆ. ಸಹಿ ಹಾಕದವರಿಗೆ ಈ ಕಟ್ಟುಪಾಡು ಇರಲಿಲ್ಲ.

ಸಾಮಾನ್ಯ ವೈದ್ಯರು ಸಹಿ ಹಾಕದಿದ್ದರೆ ರೋಗಿಗಳನ್ನು ಕಳೆದುಕೊಳ್ಳುತ್ತಾರೆ. ತುರ್ತು ವಿಭಾಗದ ವೈದ್ಯರಿಗೆ ಆ ಭಯವಿಲ್ಲ. 1986ರ ಎಂಟಾಲಾ ಕಾಯ್ದೆಯ ಪ್ರಕಾರ ತುರ್ತು ವಿಭಾಗಕ್ಕೆ ಯಾರೇ ಬಂದರೂ, ಹಣವಿರಲಿ ಇಲ್ಲದಿರಲಿ, ತಪಾಸಣೆ ಮಾಡಿ ಸ್ಥಿತಿ ಹದಕ್ಕೆ ತರಲೇಬೇಕು. ಅಂದರೆ ರೋಗಿಗಳು ಹೇಗಿದ್ದರೂ ಬರುತ್ತಾರೆ; ನೆಟ್‌ವರ್ಕ್‌ನ ಹೊರಗಿದ್ದರೆ ನಷ್ಟವಿಲ್ಲ, ಲಾಭವೇ ಹೆಚ್ಚು. ವೈದ್ಯರ ದುರಾಸೆ, ವಿಮಾ ಕಂಪನಿಗಳ ಜಿಪುಣತನ ಎಂದು ಎರಡೂ ಕಡೆಯವರು ಬೈದಾಡಿಕೊಂಡದ್ದುಂಟು. ನನ್ನ ಮಟ್ಟಿಗೆ ನಿಜವಾದ ಕಾರಣ ಈ ಲೆಕ್ಕಾಚಾರದಲ್ಲಿದೆ.

ಇದನ್ನು ಮೊದಲು ಸರಿಯಾಗಿ ಗ್ರಹಿಸಿದ್ದು ಹಣಕಾಸಿನವರು. 2017ರಲ್ಲಿ ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ ಟೀಮ್‌ಹೆಲ್ತ್ ಕಂಪನಿಯನ್ನು ಕೊಂಡಿತು. 2018ರಲ್ಲಿ ಅಂಥದೇ ಇನ್ನೊಂದು ಸಂಸ್ಥೆ ಕೆಕೆಆರ್, ಎನ್‌ವಿಷನ್ ಹೆಲ್ತ್‌ಕೇರ್ ಅನ್ನು ಸುಮಾರು 990 ಕೋಟಿ ಡಾಲರ್‌ಗೆ ಕೊಂಡಿತು. ಎರಡೂ ಆಸ್ಪತ್ರೆಗಳಿಗೆ ತುರ್ತು ವೈದ್ಯರನ್ನು ಒದಗಿಸುವ ದೊಡ್ಡ ಕಂಪನಿಗಳು. ಅಷ್ಟರಲ್ಲಾಗಲೇ ಯೇಲ್ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಝ್ಯಾಕ್ ಕೂಪರ್ ಮತ್ತು ಫಿಯೋನಾ ಸ್ಕಾಟ್ ಮಾರ್ಟನ್, 2016ರ ನವೆಂಬರ್‌ನಲ್ಲಿ ಒಂದು ಅಂಕಿ ಮುಂದಿಟ್ಟಿದ್ದರು: ನೆಟ್‌ವರ್ಕ್‌ನ ಒಳಗಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದವರ ಭೇಟಿಗಳಲ್ಲಿ ಶೇ 22ರಷ್ಟರಲ್ಲಿ ನೋಡಿದ ವೈದ್ಯರು ನೆಟ್‌ವರ್ಕ್‌ನ ಹೊರಗಿನವರು.

ರಾಜ್ಯಗಳು ಅದಕ್ಕೂ ಮೊದಲೇ ಎಚ್ಚೆತ್ತಿದ್ದವು. ನ್ಯೂಯಾರ್ಕ್ ಎಲ್ಲರಿಗಿಂತ ಮುಂದೆ. ಅಲ್ಲಿನ ಆಗಿನ ಅಟಾರ್ನಿ ಜನರಲ್ ಆಂಡ್ರ್ಯೂ ಕ್ಯೂಮೊ, ವಿಮಾ ಕಂಪನಿಗಳು ‘ವಾಡಿಕೆಯ ದರ’ವನ್ನು ಲೆಕ್ಕ ಹಾಕುತ್ತಿದ್ದ ಇಂಜೆನಿಕ್ಸ್ ಎಂಬ ದತ್ತಾಂಶದ ಮೇಲೆ ತನಿಖೆ ನಡೆಸಿದರು. ಅದರ ಒಡೆತನ ಯುನೈಟೆಡ್‌ಹೆಲ್ತ್ ಎಂಬ ವಿಮಾ ದೈತ್ಯನದೇ! ದರ ಕೊಡಬೇಕಾದವರೇ ದರ ಎಷ್ಟೆಂದು ತೀರ್ಮಾನಿಸುವ ವ್ಯವಸ್ಥೆ. 2009ರ ರಾಜಿಯಲ್ಲಿ ಕಂಪನಿ 5 ಕೋಟಿ ಡಾಲರ್ ಕೊಟ್ಟಿತು. ಆ ಹಣದಿಂದ ದರದ ದತ್ತಾಂಶ ಕಲೆಹಾಕುವ ಫೇರ್ ಹೆಲ್ತ್ ಎಂಬ ಸ್ವತಂತ್ರ ಸಂಸ್ಥೆ ಹುಟ್ಟಿತು. 2014ರಲ್ಲಿ ಕಾನೂನು ಆಯಿತು. ಅದು ಜಾರಿಗೆ ಬರುವ ಮುನ್ನವೇ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಕುತ್ತಿಗೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನ್ಯೂಯಾರ್ಕಿನ ಒಬ್ಬರಿಗೆ ತಾನು ಹೆಸರೂ ಕೇಳಿರದ ಸಹಾಯಕ ಶಸ್ತ್ರಚಿಕಿತ್ಸಕರಿಂದ 1,17,000 ಡಾಲರ್ ಬಿಲ್ ಬಂದ ಸುದ್ದಿ ದೇಶವೆಲ್ಲ ಓದಿತು. 2015ರ ಮಾರ್ಚ್ 31ರಂದು ಜಾರಿಯಾದ ನ್ಯೂಯಾರ್ಕ್ ಕಾನೂನು ‘ಬೇಸ್‌ಬಾಲ್ ಮಾದರಿ’ಯ ಪಂಚಾಯಿತಿಯನ್ನು ತಂದಿತು. ಆಟಗಾರರ ಸಂಬಳದ ತಕರಾರು ತೀರಿಸಲು ಬಳಸುವ ವಿಧಾನವಿದು: ಎರಡೂ ಕಡೆಯವರು ಒಂದೊಂದು ಮೊತ್ತ ಬರೆದುಕೊಡುತ್ತಾರೆ, ಪಂಚರು ಎರಡರಲ್ಲಿ ಒಂದನ್ನು ಆರಿಸಬೇಕು, ನಡುವಿನದನ್ನು ಹೇಳುವಂತಿಲ್ಲ. ಕ್ಯಾಲಿಫೋರ್ನಿಯಾ 2017ರಲ್ಲಿ ಬೇರೆ ದಾರಿ ಹಿಡಿದು ದರವನ್ನೇ ಕಟ್ಟಿಹಾಕಿತು: ಸರಾಸರಿ ಒಪ್ಪಂದದ ದರ ಅಥವಾ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ದರದ ಶೇ 125, ಯಾವುದು ಹೆಚ್ಚೋ ಅದು.

ಆದರೆ ರಾಜ್ಯದ ಕೈ ಎಲ್ಲ ಕಡೆ ಚಾಚುವುದಿಲ್ಲ. ದೊಡ್ಡ ಉದ್ಯೋಗದಾತರು ಸ್ವಂತ ಹಣದಿಂದ ನಡೆಸುವ ವಿಮಾ ಯೋಜನೆಗಳನ್ನು 1974ರ ಎರಿಸಾ ಕಾಯ್ದೆ ರಾಜ್ಯಗಳ ಹಿಡಿತದಿಂದ ಹೊರಗಿಟ್ಟಿದೆ. ಉದ್ಯೋಗದ ಮೂಲಕ ವಿಮೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ಯೋಜನೆಗಳಲ್ಲೇ ಇದ್ದಾರೆ. ಏರ್ ಆಂಬುಲೆನ್ಸ್ ದರವನ್ನು ಮುಟ್ಟಲು ಹೋದರೆ 1978ರ ವಿಮಾನಯಾನ ಕಾಯ್ದೆ ಅಡ್ಡ ಬರುತ್ತಿತ್ತು. ಕೇಂದ್ರ ಕಾನೂನು ಇಲ್ಲದೆ ಗತಿಯಿರಲಿಲ್ಲ.

2019ರಲ್ಲಿ ಅದು ಬಂದೇಬಿಟ್ಟಿತು ಎನ್ನುವಾಗ ಟಿವಿಯಲ್ಲಿ ಜಾಹೀರಾತುಗಳ ಮಳೆ ಸುರಿಯಿತು. ‘ಡಾಕ್ಟರ್ ಪೇಶಂಟ್ ಯೂನಿಟಿ’ ಎಂಬ ಹೆಸರಿನ ಸಂಘಟನೆ 2.8 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ಮಸೂದೆಯನ್ನು ವಿರೋಧಿಸಿತು. ಹಣದ ದೊಡ್ಡ ಪಾಲು ಟೀಮ್‌ಹೆಲ್ತ್ ಮತ್ತು ಎನ್‌ವಿಷನ್‌ನದು ಎಂದು ಆಮೇಲೆ ಬಯಲಾಯಿತು. ಹೆಸರಿನಲ್ಲಿದ್ದ ರೋಗಿಗೆ ಅದರಲ್ಲಿ ಏನು ಪಾಲಿತ್ತೋ! ದರ ಕಟ್ಟಬೇಕೋ ಪಂಚಾಯಿತಿ ನಡೆಸಬೇಕೋ ಎಂಬ ಜಗ್ಗಾಟದಲ್ಲಿ ಒಂದು ವರ್ಷ ಕಳೆಯಿತು. ಕೊನೆಗೆ ಪಂಚಾಯಿತಿ ಗೆದ್ದಿತು. ಕೋವಿಡ್ ಪರಿಹಾರವನ್ನೂ ಒಳಗೊಂಡ 5,593 ಪುಟಗಳ ವೆಚ್ಚ ಮಸೂದೆಯೊಳಗೆ ಸೇರಿ 2020ರ ಡಿಸೆಂಬರ್ 27ರಂದು ಅಧ್ಯಕ್ಷರ ಸಹಿ ಪಡೆಯಿತು.

ಕಾನೂನು ಹೇಳುವುದು ಇಷ್ಟು. ತುರ್ತು ಚಿಕಿತ್ಸೆಯಲ್ಲಿ, ಏರ್ ಆಂಬುಲೆನ್ಸ್‌ನಲ್ಲಿ, ನೆಟ್‌ವರ್ಕ್‌ನ ಆಸ್ಪತ್ರೆಯಲ್ಲಿ ಹೊರಗಿನ ವೈದ್ಯರು ನೋಡಿದಾಗ, ರೋಗಿ ಕೊಡಬೇಕಾದದ್ದು ನೆಟ್‌ವರ್ಕ್‌ನ ಒಳಗಿದ್ದರೆ ಎಷ್ಟು ಕೊಡುತ್ತಿದ್ದನೋ ಅಷ್ಟೇ. ಉಳಿದದ್ದನ್ನು ವೈದ್ಯರೂ ವಿಮಾ ಕಂಪನಿಯೂ ಬಗೆಹರಿಸಿಕೊಳ್ಳಬೇಕು. ಆಸ್ಪತ್ರೆಗಳಿಗೆ ಇದನ್ನು ಪಾಲಿಸಲು ವಕೀಲರಿಗಿಂತ ಹೆಚ್ಚಾಗಿ ಬೇಕಾದದ್ದು ಒಂದು ಕ್ಯಾಲೆಂಡರ್ ಮತ್ತು ಅದನ್ನು ನೋಡುವ ಅಭ್ಯಾಸ.

ಸ್ವಾಗತದ ಮೇಜನ್ನೇ ನೋಡಿ. ವಿಮೆಯಿಲ್ಲದೆ ಕೈಯಿಂದ ಹಣ ಕೊಡುವ ರೋಗಿ ಹತ್ತು ಕೆಲಸದ ದಿನ ಮುಂಚೆ ಸಮಯ ಗೊತ್ತು ಮಾಡಿಕೊಂಡರೆ ಮೂರು ಕೆಲಸದ ದಿನದೊಳಗೆ ಲಿಖಿತ ಅಂದಾಜು ಪಟ್ಟಿ ಕೊಡಬೇಕು. ಮೂರು ಕೆಲಸದ ದಿನ ಮುಂಚೆ ಗೊತ್ತು ಮಾಡಿಕೊಂಡರೆ ಒಂದೇ ಕೆಲಸದ ದಿನದೊಳಗೆ. ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾದರೆ ರೋಗಿ 120 ದಿನಗಳೊಳಗೆ ತಕರಾರು ಎತ್ತಬಹುದು. ಹೊರಗಿನ ವೈದ್ಯರು ಹೆಚ್ಚಿನ ದರ ಕೇಳಲು ರೋಗಿಯ ಒಪ್ಪಿಗೆ ಪಡೆಯಬಹುದಾದ ಸಂದರ್ಭಗಳಿವೆ, ಆದರೆ ಆ ಕಾಗದವನ್ನು 72 ಗಂಟೆ ಮುಂಚೆ ಕೊಡಬೇಕು. ಅದೇ ದಿನದ ಚಿಕಿತ್ಸೆಯಾದರೆ ಕನಿಷ್ಠ ಮೂರು ಗಂಟೆ ಮುಂಚೆ. ಎಡವುವುದು ಇಲ್ಲಿಯೇ. ದಾಖಲಾತಿಯ ಕಾಗದಗಳ ಕಂತೆಯಲ್ಲಿ ಇದನ್ನೂ ಸೇರಿಸಿ “ಇಲ್ಲೊಂದು, ಇಲ್ಲೊಂದು ಸಹಿ” ಎಂದು ಮಾಡಿಸಿದರೆ ಒಪ್ಪಿಗೆ ಊರ್ಜಿತವಲ್ಲ. ಅದು ಪ್ರತ್ಯೇಕ ಕಾಗದವಾಗಿರಬೇಕು. ಅರಿವಳಿಕೆ, ರೇಡಿಯಾಲಜಿ, ಪೆಥಾಲಜಿಯಂಥ ಸೇವೆಗಳಿಗಂತೂ ಯಾವ ಸಹಿಯೂ ಲೆಕ್ಕಕ್ಕಿಲ್ಲ.

ಕಾಯ್ದೆಯಲ್ಲಿ ಬರೆದ ದಂಡ ಪ್ರತಿ ಉಲ್ಲಂಘನೆಗೆ 10,000 ಡಾಲರ್‌ವರೆಗೆ. ಅರಿವಿಲ್ಲದೆ ತಪ್ಪಿದವರು 30 ದಿನದೊಳಗೆ ಬಿಲ್ ಹಿಂಪಡೆದು, ಪಡೆದ ಹಣವನ್ನು ಬಡ್ಡಿ ಸಮೇತ ಮರಳಿಸಿದರೆ ದಂಡ ಮನ್ನಾ. ಸಣ್ಣ ಕ್ಲಿನಿಕ್‌ಗಳಿಗೆ ಈ ಒಂದು ವಾಕ್ಯವನ್ನು ಯಾರಾದರೂ ಮೊದಲ ದಿನವೇ ಓದಿ ಹೇಳಬೇಕಿತ್ತು.

ಇನ್ನು ಬೆಂಗಳೂರಿನ ಮೇಜು. ಇಲ್ಲಿ ರಾತ್ರಿ ಪಾಳಿಯಲ್ಲಿ ಅಮೆರಿಕದ ಆಸ್ಪತ್ರೆಗಳ ಕ್ಲೇಮ್ ನೋಡುವವರು ಸಾಕಷ್ಟಿದ್ದಾರೆ. ವಿಮಾ ಕಂಪನಿ ಹಣ ಕಳಿಸಿದಾಗ ಜೊತೆಗೊಂದು ವಿವರಪಟ್ಟಿ ಬರುತ್ತದೆ. ಅದರಲ್ಲಿ ಎನ್830 ಎಂಬ ಸಂಕೇತವಿದ್ದರೆ ಆ ಕ್ಲೇಮ್ ಅನಿರೀಕ್ಷಿತ ಬಿಲ್ ಕಾನೂನಿನಡಿ ಇತ್ಯರ್ಥವಾಗಿದೆ ಎಂದರ್ಥ. ಪಿಆರ್ ಎಂಬ ಗುರುತಿನ ಮುಂದಿರುವ ಮೊತ್ತ ಮಾತ್ರ ರೋಗಿಯದು. ಸಾಫ್ಟ್‌ವೇರ್ ಹಳೆಯ ಅಭ್ಯಾಸದಂತೆ ಉಳಿದದ್ದನ್ನೆಲ್ಲ ರೋಗಿಯ ಖಾತೆಗೆ ತಳ್ಳಿ ಬಿಲ್ ಮುದ್ರಿಸಿಬಿಟ್ಟರೆ ಅಲ್ಲೇ ಉಲ್ಲಂಘನೆ. ಗುಮಾಸ್ತರ ಕಣ್ಣು ಅಲ್ಲಿ ನಿಲ್ಲಬೇಕು.

ಬಂದ ಹಣ ಸಾಲದು ಎನಿಸಿದರೆ 30 ಕೆಲಸದ ದಿನಗಳ ಮಾತುಕತೆ; ಅದು ಮುರಿದರೆ ಪಂಚಾಯಿತಿಗೆ ಅರ್ಜಿ ಹಾಕಲು ಬರೀ ನಾಲ್ಕು ಕೆಲಸದ ದಿನ. ಅಮೆರಿಕದ ಸರ್ಕಾರಿ ರಜೆಯಾದ ಥ್ಯಾಂಕ್ಸ್‌ಗಿವಿಂಗ್ ಆ ಎಣಿಕೆಗೆ ಸೇರುವುದಿಲ್ಲ, ದೀಪಾವಳಿ ಅಮಾವಾಸ್ಯೆ ಸೇರುತ್ತದೆ. ರಜೆಯ ಮೇಲೆ ಊರಿಗೆ ಹೋದವರ ಕಡತದಲ್ಲಿ ನಾಲ್ಕು ದಿನ ಕಳೆದುಹೋದರೆ ತಕರಾರಿನ ಹಕ್ಕೂ ಹೋದಂತೆ.

ಈ ಪಂಚಾಯಿತಿಯೇ ಸರ್ಕಾರದ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದ್ದು. 2022ರ ಏಪ್ರಿಲ್ 15ರಿಂದ 2023ರ ಮಾರ್ಚ್ 31ರವರೆಗೆ 3,34,828 ತಕರಾರುಗಳು ದಾಖಲಾದವು. ಅಂದಾಜಿನ ಸುಮಾರು ಹದಿನಾಲ್ಕು ಪಟ್ಟು. ಗೆದ್ದವರು ಬಹುಪಾಲು ವೈದ್ಯರ ಕಡೆಯವರೇ. ಇನ್ನೊಂದು ಜಗಳ ಕ್ಯೂಪಿಎ ಕುರಿತದ್ದು, ಅಂದರೆ 2019ರ ಜನವರಿ 31ರಂದು ವಿಮಾ ಕಂಪನಿಯ ಒಪ್ಪಂದಗಳಲ್ಲಿದ್ದ ಮಧ್ಯಮ ದರವನ್ನು ಹಣದುಬ್ಬರಕ್ಕೆ ಹೊಂದಿಸಿ ತೆಗೆದ ಅಂಕಿ. ಅದಕ್ಕೆ ಹತ್ತಿರದ ಮೊತ್ತವೇ ಸರಿ ಎಂದು ಸರ್ಕಾರ ನಿಯಮ ಮಾಡಿತು. ಟೆಕ್ಸಾಸ್ ವೈದ್ಯಕೀಯ ಸಂಘ ಟೈಲರ್ ನಗರದ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಿ 2022ರ ಫೆಬ್ರವರಿಯಲ್ಲಿ ಅದನ್ನು ರದ್ದು ಮಾಡಿಸಿತು. 2023ರಲ್ಲಿ ಮತ್ತೆ ಗೆದ್ದಿತು. ಆ ವರ್ಷದ ತೀರ್ಪುಗಳಿಂದ ಪಂಚಾಯಿತಿಯ ಕೆಲಸ ಆಗಾಗ ಸ್ಥಗಿತಗೊಂಡಿತು. ಅರ್ಜಿ ಶುಲ್ಕ 50 ಡಾಲರ್‌ನಿಂದ 350ಕ್ಕೆ ಹಾರಿ, ನ್ಯಾಯಾಲಯ ತಡೆದು ಮತ್ತೆ 50ಕ್ಕೆ ಇಳಿದು, 2024ರಲ್ಲಿ 115ಕ್ಕೆ ನಿಂತಿತು. ಒಂದು ಎಕ್ಸ್‌ರೇ ಓದಿದ್ದಕ್ಕೆ ಸಿಗುವ ಹಣಕ್ಕಿಂತ ತಕರಾರಿನ ಶುಲ್ಕವೇ ಹೆಚ್ಚಾದರೆ ಸಣ್ಣ ರೇಡಿಯಾಲಜಿ ಗುಂಪು ಏನು ಮಾಡಬೇಕು? ದೊಡ್ಡವರು ನೂರಾರು ಕ್ಲೇಮ್‌ಗಳ ಸೈನ್ಯ ಕಟ್ಟಿಕೊಂಡು ಬಂದರು. ಚಿಕ್ಕವರು ಬಂದಷ್ಟಕ್ಕೆ ತೃಪ್ತರಾದರು. ದೊಡ್ಡವರೆಲ್ಲ ಉಳಿದರು ಎಂದೂ ಅಲ್ಲ. ಸಾಲದ ಹೊರೆ ಹೊತ್ತಿದ್ದ ಎನ್‌ವಿಷನ್ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. ಹೇಳಿದ ಕಾರಣಗಳಲ್ಲಿ ಈ ಕಾನೂನೂ ಒಂದು.

ಮಕ್ಕಳನ್ನು ನೋಡಲು ಮೈಸೂರಿನಿಂದಲೋ ದಾವಣಗೆರೆಯಿಂದಲೋ ಹೋಗುವ ತಂದೆತಾಯಿಯರ ಪ್ರಯಾಣ ವಿಮೆಗೆ ಈ ರಕ್ಷಣೆ ಇದೆಯೇ? ಅಂಥ ಪಾಲಿಸಿ ಈ ಕಾನೂನು ಗುರುತಿಸುವ ಆರೋಗ್ಯ ವಿಮೆಯ ಸಾಲಿಗೆ ಸೇರುವುದಿಲ್ಲ. ಹಾಗಾಗಿ ಅವರ ಬಳಿಯಿರುವ ಆಯುಧ ಅಂದಾಜು ಪಟ್ಟಿ. ಮುಂಚೆ ಗೊತ್ತುಪಡಿಸಿದ ಚಿಕಿತ್ಸೆಯಾದರೆ ಅದನ್ನು ಬಾಯಿಬಿಟ್ಟು ಕೇಳಬೇಕು, ಕಾಗದವನ್ನು ಜೋಪಾನ ಮಾಡಬೇಕು.

ರಸ್ತೆಯ ಆಂಬುಲೆನ್ಸ್ ಮಾತ್ರ ಕೇಂದ್ರ ಕಾನೂನಿನ ಹೊರಗೇ ಉಳಿಯಿತು. ಊರೂರಿನ ಅಗ್ನಿಶಾಮಕ ದಳ, ಕೌಂಟಿ, ಖಾಸಗಿ ಕಂಪನಿ ಎಂದು ಅದರ ಒಡೆತನವೇ ಚೂರುಚೂರು. ಅದಕ್ಕೆಂದೇ ಒಂದು ಸಲಹಾ ಸಮಿತಿ ಕುಳಿತು 2024ರಲ್ಲಿ ವರದಿ ಒಪ್ಪಿಸಿತು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಆದ್ದರಿಂದ ಆಂಬುಲೆನ್ಸ್ ಬಿಲ್ ಕೈಗೆ ಬಂದರೆ ಗುಮಾಸ್ತರು ಮೊದಲು ನೋಡುವುದು ಅದು ಯಾವ ರಾಜ್ಯದ್ದು ಎಂಬುದನ್ನು.