ಲ್ಯಾಬ್‌ಗೇ ಹೋಗದ ನನಗೆ ಸುರಕ್ಷತಾ ತರಬೇತಿ ಯಾಕೆ?

ಓದುಗರ ಪ್ರಶ್ನೆ: “ನಾನು ವಿಶ್ವವಿದ್ಯಾಲಯವೊಂದರ ಆಡಳಿತ ಕಚೇರಿಯಲ್ಲಿ ಎಸ್‌ಡಿಎ. ಸ್ಟೋರ್ಸ್ ಮತ್ತು ಖರೀದಿಯ ಕಡತಗಳು ನನ್ನ ಟೇಬಲ್‌ಗೆ ಬರುತ್ತವೆ. ಮುಂದಿನ ಶನಿವಾರ ಎಲ್ಲ ಸಿಬ್ಬಂದಿಗೂ ಸುರಕ್ಷತಾ ತರಬೇತಿ ಕಡ್ಡಾಯ ಅಂತ ಸುತ್ತೋಲೆ ಬಂದಿದೆ. ಸೇವೆಗೆ ಸೇರಿ ಹತ್ತು ವರ್ಷವಾಯ್ತು, ಒಂದು ದಿನವೂ ಲ್ಯಾಬ್ ಒಳಗೆ ಕಾಲಿಟ್ಟವಳಲ್ಲ. ಅರ್ಧ ದಿನ ಕೂತು ಆಸಿಡ್, ಗ್ಯಾಸ್ ಬಗ್ಗೆ ಕೇಳಿ ನನಗೇನು ಪ್ರಯೋಜನ?”

ದಯವಿಟ್ಟು ಹೋಗಿ. ಅದರಲ್ಲೂ ಸ್ಟೋರ್ಸ್ ಕಡತ ನೋಡುವವರು ಅಂದಮೇಲೆ ತಪ್ಪಿಸಲೇಬೇಡಿ. ಯಾಕೆ ಅಂತ ಹೇಳಲು ನಾನು ದೆಹಲಿಯ ಒಂದು ಘಟನೆಯಿಂದ ಶುರು ಮಾಡಬೇಕು.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1968ರಲ್ಲಿ ಕೆನಡಾದಿಂದ ‘ಗಾಮಾ ಸೆಲ್’ ಎಂಬ ಯಂತ್ರ ತರಿಸಿತ್ತು. ಒಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು, ಅದರ ಸುತ್ತ ದಪ್ಪನೆಯ ಸೀಸದ ಕವಚ. ಪ್ರಯೋಗದ ಸ್ಯಾಂಪಲ್‌ಗಳಿಗೆ ಗಾಮಾ ಕಿರಣ ಹಾಯಿಸುವುದು ಅದರ ಕೆಲಸ. 1985ರ ನಂತರ ಅದನ್ನು ಯಾರೂ ಬಳಸಲಿಲ್ಲ. ಸುಮಾರು 25 ವರ್ಷ ಸುಮ್ಮನೆ ಬಿದ್ದಿತ್ತು. 2010ರ ಫೆಬ್ರುವರಿಯಲ್ಲಿ ಬೇಡದ ಸಾಮಾನಿನ ಜೊತೆ ಅದೂ ಹರಾಜಾಯಿತು. ಕೊಂಡವರು ಪಶ್ಚಿಮ ದೆಹಲಿಯ ಮಾಯಾಪುರಿಯ ಗುಜರಿ ವ್ಯಾಪಾರಿಗಳು. ಗುಜರಿಯಲ್ಲಿ ಸೀಸಕ್ಕೆ ಒಳ್ಳೆಯ ಬೆಲೆ, ಅದಕ್ಕೇ ಕವಚ ಬಿಚ್ಚಿದರು, ಒಳಗಿದ್ದ ಲೋಹದ ತುಂಡುಗಳು ಹೊರಗೆ ಬಂದವು, ಅವು ಏನು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರಂತೂ ಒಂದು ಚೂರನ್ನು ಪರ್ಸ್‌ನಲ್ಲಿಟ್ಟುಕೊಂಡು ಓಡಾಡಿದರು. ಏಪ್ರಿಲ್ ಹೊತ್ತಿಗೆ ಚರ್ಮ ಕಪ್ಪಾಗಿ, ಕೂದಲು ಉದುರಿ, ಒಬ್ಬೊಬ್ಬರೇ ಆಸ್ಪತ್ರೆ ಸೇರತೊಡಗಿದರು. ಒಬ್ಬ ಕಾರ್ಮಿಕ ತಿಂಗಳ ಕೊನೆಯಲ್ಲಿ ತೀರಿಕೊಂಡರು. ವಿಕಿರಣ ಅವಘಡಗಳನ್ನು ಅಳೆಯುವ ಅಂತರರಾಷ್ಟ್ರೀಯ ಮಾಪನದಲ್ಲಿ 1ರಿಂದ 7ರವರೆಗೆ ಹಂತಗಳಿವೆ, ಇದು 4ನೇ ಹಂತದ್ದು.

ಇಲ್ಲಿ ಒಂದು ಲೆಕ್ಕ ನೋಡಿ. ಕೋಬಾಲ್ಟ್-60ರ ಶಕ್ತಿ ಸುಮಾರು 5.3 ವರ್ಷಕ್ಕೊಮ್ಮೆ ಅರ್ಧ ಆಗುತ್ತದೆ. 1968ರಿಂದ 2010 ಅಂದರೆ 42 ವರ್ಷ, ಹೆಚ್ಚುಕಡಿಮೆ ಎಂಟು ಸಲ ಅರ್ಧ. ಕೊಂಡಾಗ ಇದ್ದದ್ದರಲ್ಲಿ 250ಕ್ಕೆ ಒಂದು ಪಾಲು ಉಳಿದಿತ್ತು ಅನ್ನಿ. ಅಷ್ಟರಲ್ಲೇ ಒಂದು ಜೀವ ಹೋಯಿತು. “ಎಷ್ಟೋ ವರ್ಷದಿಂದ ಬಳಸಿಲ್ಲ, ನಿರುಪಯುಕ್ತ” ಅಂತ ನಾವು ಕಡತದಲ್ಲಿ ಬರೆಯುತ್ತೇವಲ್ಲ, ಆ ಮಾತಿಗೂ ಅಪಾಯ ಇಲ್ಲ ಅನ್ನುವುದಕ್ಕೂ ಸಂಬಂಧವೇ ಇಲ್ಲ.

ಈಗ ನಿಮ್ಮ ಟೇಬಲ್‌ಗೆ ಬರೋಣ. ಯಾವ ವಿಶ್ವವಿದ್ಯಾಲಯದಲ್ಲೇ ಆಗಲಿ ಒಂದು ಹಳೆಯ ಯಂತ್ರ ಗೇಟ್ ದಾಟಬೇಕಾದರೆ ವಿಭಾಗದಿಂದ ಪಟ್ಟಿ ಬರಬೇಕು, ಸ್ಟಾಕ್ ರಿಜಿಸ್ಟರ್ ಜೊತೆ ತಾಳೆ ನೋಡಬೇಕು, ಸಮಿತಿ ಕೂರಬೇಕು, ಟಿಪ್ಪಣಿ ಮೇಲೆ ಹೋಗಿ ಕೆಳಗೆ ಬರಬೇಕು, ಹರಾಜು ಆಗಬೇಕು, ಗೇಟ್ ಪಾಸ್ ಆಗಬೇಕು. ಈ ಸರಪಳಿಯಲ್ಲಿ ಬಹಳ ಮಂದಿ ನಿಮ್ಮ ಹಾಗೇ ಲ್ಯಾಬ್‌ಗೆ ಕಾಲಿಡದವರು. ಅವರಲ್ಲಿ ಯಾರಾದರೂ ಒಬ್ಬರು “ಇದರೊಳಗೆ ಏನಿದೆ ಸರ್?” ಅಂತ ಕೇಳಿದರೆ ಸಾಕು, ಕಡತ ಅಲ್ಲೇ ನಿಲ್ಲುತ್ತದೆ. ತರಬೇತಿ ನಿಮಗೆ ಕೊಡಬೇಕಾದದ್ದು ಆ ಪ್ರಶ್ನೆಯನ್ನೇ. ಕೆಮಿಸ್ಟ್ರಿ ಕಲಿಸಬೇಕಿಲ್ಲ. ಯಾವ ಸಾಮಾನು ಕಂಡಾಗ ಪೆನ್ನು ಕೆಳಗಿಟ್ಟು ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾದರೆ ನಿಮ್ಮ ಅರ್ಧ ದಿನ ಸಾರ್ಥಕ.

ವಿಕಿರಣ ಮೂಲ ಇರುವ ಉಪಕರಣವನ್ನು ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ ಮಾರುವಂತಿಲ್ಲ, ಎಸೆಯುವಂತೆಯೂ ಇಲ್ಲ. ಹಳದಿ ಚೀಟಿಯ ಮೇಲೆ ಮೂರು ಎಸಳಿನ ಫ್ಯಾನ್ ತರಹದ ಗುರುತು ಇದ್ದರೆ ಅದು ವಿಕಿರಣದ ಗುರುತು. ಆದರೆ ಹಳೆಯ ಯಂತ್ರದಲ್ಲಿ ಆ ಚೀಟಿ ಯಾವಾಗಲೋ ಉದುರಿಹೋಗಿರಬಹುದು, ಮೇಲೆ ಯಾರೋ ಬಣ್ಣವನ್ನೂ ಬಳಿದಿರಬಹುದು. ಹಾಗಾಗಿ ಗುರುತಿಗಿಂತ ಜಾಸ್ತಿ ನಂಬಬೇಕಾದದ್ದು ಹಳೆಯ ಸ್ಟಾಕ್ ರಿಜಿಸ್ಟರ್ ಮತ್ತು ಖರೀದಿ ಕಡತವನ್ನು. ಅವು ಇರುವುದು ಯಾರ ಬೀರುವಿನಲ್ಲಿ? ನಿಮ್ಮದರಲ್ಲೇ ಅಲ್ವಾ?

ವಿಕಿರಣದ ಮಾತು ಅಪರೂಪದ್ದು, ನಿಜ. ದಿನನಿತ್ಯದ್ದು ಬೇರೆ ಇದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಕೊಠಡಿ ಖಾಲಿ ಮಾಡುವಾಗ ಬೀರುವಿನ ಹಿಂದೆ ಕಂದು ಬಣ್ಣದ ಸೀಸೆಯೊಂದು ಸಿಕ್ಕಿತು. ಲೇಬಲ್ ಅರ್ಧ ಹರಿದಿತ್ತು. ತಳದಲ್ಲಿ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು. ನಮ್ಮ ಅಟೆಂಡರ್ ಒಬ್ಬರು ಮುಚ್ಚಳ ತಿರುಗಿಸಲು ಹೊರಟಾಗ ಹಿರಿಯ ಮೇಡಂ ಒಬ್ಬರು ಕೂಗಿ ನಿಲ್ಲಿಸಿದರು. ಅದು ಪಿಕ್ರಿಕ್ ಆಸಿಡ್. ನೀರಿನಲ್ಲಿ ನೆನೆದಿದ್ದರೆ ತೊಂದರೆ ಕಡಿಮೆ, ಪೂರ್ತಿ ಒಣಗಿದರೆ ಸ್ಫೋಟಕ, ಮುಚ್ಚಳದ ಉಜ್ಜಾಟವೂ ಸಾಕು. ಹಳೆಯ ಈಥರ್ ಸೀಸೆಯೂ ಹೀಗೇ, ವರ್ಷಗಟ್ಟಲೆ ಇಟ್ಟರೆ ಒಳಗೆ ಪೆರಾಕ್ಸೈಡ್ ಕಟ್ಟಿ ಸ್ಫೋಟಿಸಬಹುದು. ಲೇಬಲ್ ಇಲ್ಲದ ಹಳೆಯ ಸೀಸೆಯನ್ನು ತೆರೆಯಬೇಡಿ, ಅಲುಗಿಸಬೇಡಿ, ಸಿಂಕ್‌ಗೆ ಸುರಿಯಬೇಡಿ, ಕೊಠಡಿಗೆ ಬೀಗ ಹಾಕಿ ತಿಳಿದವರನ್ನು ಕರೆಯಿರಿ. ನನಗೆ ಅವತ್ತಿನ ಅಟೆಂಡರ್ ಅಣ್ಣನ ಕೈ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅವರಿಗೆ ಅದುವರೆಗೆ ಒಂದು ತರಬೇತಿಗೂ ಕರೆ ಹೋಗಿರಲಿಲ್ಲ.

ನನಗೆ ನಿಜವಾಗಿ ಬೇಜಾರಾಗುವುದು ಇದೇ ವಿಷಯಕ್ಕೆ. ಸುತ್ತೋಲೆಯಲ್ಲಿ ‘ಎಲ್ಲ ಸಿಬ್ಬಂದಿ’ ಅಂತ ಇರುತ್ತದೆ, ಆದರೆ ಹೊರಗುತ್ತಿಗೆಯಲ್ಲಿ ಬಂದ ಸ್ವಚ್ಛತಾ ಕೆಲಸದವರು, ಸೆಕ್ಯೂರಿಟಿಯವರು, ದಿನಗೂಲಿಯವರು ಆ ‘ಎಲ್ಲ’ದಲ್ಲಿ ಸೇರಿರುವುದಿಲ್ಲ. ಅವರೇ ಅಪಾಯಕ್ಕೆ ಎಲ್ಲರಿಗಿಂತ ಹತ್ತಿರ ಇರುವವರು. ಒಡೆದ ಗಾಜು ಕಸದ ಚೀಲದಲ್ಲಿದ್ದರೆ ಕೊಯ್ಯುವುದು ಅವರ ಕೈಯನ್ನು. ಶೌಚಾಲಯಕ್ಕೆ ಆಸಿಡ್ ಹಾಕಿ, ಇನ್ನೂ ಚೆನ್ನಾಗಿ ಹೋಗಲಿ ಅಂತ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಸಣ್ಣ ಜಾಗದಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದರೆ ಪೊರಕೆಯಲ್ಲಿ ಗುಡಿಸಬಾರದು, ಹನಿಗಳು ಇನ್ನೂ ಚಿಕ್ಕದಾಗಿ ಹರಡಿ ಆವಿ ಜಾಸ್ತಿಯಾಗುತ್ತದೆ. ಇದನ್ನು ಕನ್ನಡದಲ್ಲಿ, ಹತ್ತು ನಿಮಿಷದಲ್ಲಿ, ಸಾಮಾನು ಮುಂದೆ ಇಟ್ಟುಕೊಂಡು ಹೇಳಿದರೆ ಸಾಕು. ಇಂಗ್ಲಿಷ್ ಸ್ಲೈಡ್ ಹಾಕಿ ಎರಡು ತಾಸು ಓದಿದರೆ ಯಾರಿಗೂ ತಲುಪುವುದಿಲ್ಲ.

ದ್ರವ ಸಾರಜನಕದ ಕ್ಯಾನ್ ನೋಡಿದ್ದೀರಾ? ಬಯೋಟೆಕ್, ಫಿಸಿಕ್ಸ್ ವಿಭಾಗಗಳಿಗೆ ಬರುತ್ತದೆ, ಬಿಳಿ ಹೊಗೆ ಏಳುತ್ತಿರುತ್ತದೆ. ಅದರ ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ ಆಗುತ್ತದೆ. ವಾಸನೆ ಇಲ್ಲ. ಲಿಫ್ಟ್ ನಡುವೆ ನಿಂತು ಕ್ಯಾನ್ ಚೆಲ್ಲಿದರೆ ಒಳಗಿನ ಆಮ್ಲಜನಕ ಕಡಿಮೆಯಾಗಿ, ಗೊತ್ತಾಗುವ ಮೊದಲೇ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಅದಕ್ಕೇ ಲಿಫ್ಟ್‌ನಲ್ಲಿ ಕ್ಯಾನ್ ಮಾತ್ರ ಹೋಗಬೇಕು, ಜೊತೆಗೆ ಯಾರೂ ಇರಬಾರದು, ಮೇಲೆ ಒಬ್ಬರು ಕಾಯಬೇಕು. ನೀವು ಫೈಲ್ ಹಿಡಿದುಕೊಂಡು ಅದೇ ಲಿಫ್ಟ್‌ಗೆ ಹತ್ತಬಾರದು. ಲ್ಯಾಬ್‌ಗೆ ಹೋಗದಿದ್ದರೂ ಲಿಫ್ಟ್‌ನಲ್ಲಿ ಹೋಗುತ್ತೀರಲ್ಲ.

ನಮ್ಮ ಬೆಂಗಳೂರಿನಲ್ಲೇ, 2018ರ ಡಿಸೆಂಬರ್ 5ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬ್ ಒಂದರಲ್ಲಿ ಸ್ಫೋಟವಾಗಿ ಒಬ್ಬರು ಸತ್ತು ಮೂವರು ಗಾಯಗೊಂಡರು. ಅವರು ಆ ಲ್ಯಾಬ್ ಜೊತೆ ಕೆಲಸ ಮಾಡುತ್ತಿದ್ದ ಸ್ಟಾರ್ಟಪ್ ಒಂದರವರು. ಕ್ಯಾಂಪಸ್ ಅಂದರೆ ಈಗ ಬರೀ ಮೇಷ್ಟ್ರು ಮತ್ತು ವಿದ್ಯಾರ್ಥಿಗಳಲ್ಲ. ಯಾರು ಯಾರ ಸಂಬಳದಲ್ಲಿದ್ದಾರೆ ಅಂತ ನೋಡಿಕೊಂಡು ಸಿಲಿಂಡರ್ ಸಿಡಿಯುವುದಿಲ್ಲ.

“ಹಾಜರಿ ಹಾಕಿ ಸಹಿ ಮಾಡಿ ಬರುವುದು ತಾನೇ” ಅಂತ ನಿಮಗೆ ಅನ್ನಿಸಿರಬಹುದು. ಆ ಸಹಿಯ ಬಗ್ಗೆಯೂ ಒಂದು ಮಾತು. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶೆಹರ್ಬಾನೊ ಸಾಂಗ್ಜಿ ಅಂತ 23 ವರ್ಷದ ಹುಡುಗಿ ಸಂಶೋಧನಾ ಸಹಾಯಕಿಯಾಗಿ ಸೇರಿದ್ದಳು. ವಿದ್ಯಾರ್ಥಿನಿ ಅಲ್ಲ, ಸಂಬಳದ ಸಿಬ್ಬಂದಿ. 2008ರ ಡಿಸೆಂಬರ್ 29ರಂದು, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಂ ಅನ್ನು ಸಿರಿಂಜ್‌ನಲ್ಲಿ ಎಳೆಯುವಾಗ ಅದರ ಹಿಡಿ ಕಳಚಿ ಬಂತು. ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. 18 ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಎರಡು ತಿಂಗಳ ಮೊದಲು ನಡೆದ ತಪಾಸಣೆಯಲ್ಲೇ ಆ ಲ್ಯಾಬ್‌ನಲ್ಲಿ ಕೋಟ್ ಹಾಕುವುದಿಲ್ಲ ಅಂತ ಬರೆದಿದ್ದರು. ಅವಳಿಗೆ ತರಬೇತಿ ಕೊಟ್ಟಿದ್ದಕ್ಕೆ ದಾಖಲೆ ಕೇಳಿದಾಗ ತೋರಿಸಲು ಆಗಲಿಲ್ಲ. ಕಾರ್ಮಿಕ ಸುರಕ್ಷತಾ ಇಲಾಖೆ 31,875 ಡಾಲರ್ ದಂಡ ಹಾಕಿತು, ಆಮೇಲೆ ಕ್ರಿಮಿನಲ್ ಪ್ರಕರಣವೂ ನಡೆಯಿತು. ಆದ್ದರಿಂದ ಕಲಿಯದೆ ಇದ್ದರೆ ಸಹಿ ಮಾಡಬೇಡಿ, ಕಲಿತ ಮೇಲೆ ಸಹಿ ಮಾಡದೆ ಬರಬೇಡಿ. ಎರಡೂ ನಿಮ್ಮ ರಕ್ಷಣೆಗೇ.

ಆಫೀಸಿನ ಸುರಕ್ಷತೆ ಬಗ್ಗೆಯೂ ಶನಿವಾರ ಹೇಳುತ್ತಾರೆ. ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರಕ್ಕೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಕೆಟಲ್, ಹೀಟರ್, ಪ್ರಿಂಟರ್ ಮೂರನ್ನೂ ಸಿಕ್ಕಿಸಬೇಡಿ. ಮೇಲಿನ ರ‍್ಯಾಕ್‌ನ ಕಡತಕ್ಕೆ ಚಕ್ರದ ಕುರ್ಚಿ ಹತ್ತಬೇಡಿ. ಇವಿಷ್ಟು ಓದಿದರೂ ಬರುತ್ತದೆ. ಓದಿದರೆ ಬರದೆ ಇರುವುದು ಬೆಂಕಿ ಆರಿಸುವ ಸಿಲಿಂಡರ್ ಹಿಡಿಯುವುದು. ಪಿನ್ ಎಳೆದು, ಮೂತಿಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಒತ್ತಿ, ಅತ್ತಿಂದಿತ್ತ ಆಡಿಸಬೇಕು. ಕೈಯಲ್ಲಿ ಹಿಡಿಯುವ ಸಿಲಿಂಡರ್ ಅರ್ಧ ನಿಮಿಷವೂ ಬರುವುದು ಕಷ್ಟ. ಪಿನ್ ಹುಡುಕುವುದರಲ್ಲೇ ಆ ಹೊತ್ತು ಕಳೆದುಹೋಗಬಾರದು. ಬೇರೆಯವರು ಮಾಡುವುದನ್ನು ನೋಡಿಕೊಂಡು ಬರಬೇಡಿ, “ನನಗೂ ಕೊಡಿ ಸರ್” ಅಂತ ಕೇಳಿ ಒಮ್ಮೆ ಒತ್ತಿಯೇ ಬನ್ನಿ.

ಮತ್ತೆ, ಶನಿವಾರ ಹೋಗುವಾಗ ಈ ವರ್ಷದ ವಿಲೇವಾರಿ ಪಟ್ಟಿಯ ಒಂದು ಜೆರಾಕ್ಸ್ ಕೈಯಲ್ಲಿರಲಿ. ತರಬೇತಿ ಕೊಡುವವರ ಮುಂದೆ ಅದನ್ನು ಹರಡಿ, ಸಾಲು ಸಾಲಾಗಿ ಬೆರಳಿಟ್ಟು, ಇದರೊಳಗೆ ಏನಿದೆ ಅಂತ ಕೇಳಿ.