ಅಡಿಕೆ ಸಿಪ್ಪೆಯ ಇದ್ದಿಲಲ್ಲಿ ಹೈಡ್ರೋಜನ್ ನಿಲ್ಲುತ್ತದೆಯೇ?

ಅಡಿಕೆ ಸುಲಿತದ ಕಾಲದಲ್ಲಿ ತೀರ್ಥಹಳ್ಳಿ, ಸಾಗರದ ರಸ್ತೆ ಬದಿಗಳಲ್ಲಿ ರಾಶಿ ಬಿದ್ದು ಹೊಗೆಯಾಡುವ ಸಿಪ್ಪೆಯಿಂದ ಹೈಡ್ರೋಜನ್ ಹಿಡಿದಿಡುವ ಇದ್ದಿಲು ಮಾಡಬಹುದು. ಆದರೆ ಅದಕ್ಕೆ ಮೈನಸ್ 196 ಡಿಗ್ರಿಯ ಥಂಡಿ ಬೇಕು. ಪಶು ಆಸ್ಪತ್ರೆಯಲ್ಲಿ ವೀರ್ಯದ ಕಡ್ಡಿಗಳನ್ನಿಡುವ ದ್ರವ ನೈಟ್ರೋಜನ್ ಜಾಡಿಯೊಳಗೆ ಇರುವುದು ಇದೇ ಥಂಡಿ.

ಹೈಡ್ರೋಜನ್ ಅನ್ನು 1898ರಲ್ಲಿ ದ್ರವವಾಗಿಸಿದ ವಿಜ್ಞಾನಿ ಜೇಮ್ಸ್ ಡ್ಯೂವರ್, ತಣ್ಣಗಾದ ತೆಂಗಿನ ಚಿಪ್ಪಿನ ಇದ್ದಿಲು ಅನಿಲಗಳನ್ನು ಎಳೆದುಕೊಳ್ಳುವುದನ್ನೂ ತೋರಿಸಿದ್ದ. ಶೀತಲ ಇದ್ದಿಲನ್ನು ಹೈಡ್ರೋಜನ್ ದಾಸ್ತಾನಿಗೆ ಬಳಸುವ ಬಗ್ಗೆ ಸಂಶೋಧಕರಾದ ಕಾರ್ಪೆಟಿಸ್ ಮತ್ತು ಪೆಶ್ಕಾ ವಿವರವಾದ ಅಧ್ಯಯನ ಪ್ರಕಟಿಸಿದ್ದು 1980ರಲ್ಲಿ. 1998ರಲ್ಲಿ ಗ್ರಾಫೈಟ್ ನ್ಯಾನೋನಾರುಗಳು ತೂಕದ ಲೆಕ್ಕದಲ್ಲಿ ಶೇ. 67ರವರೆಗೆ ಹೈಡ್ರೋಜನ್ ಹೀರುತ್ತವೆ ಎಂಬ ವರದಿ ಬಂತು. ಬೇರೆ ಯಾರ ಕೈಯಲ್ಲೂ ಅದು ಸಾಧ್ಯವಾಗಲಿಲ್ಲ. ಒತ್ತಡ ಇಳಿದದ್ದನ್ನು ನೋಡಿ ಲೆಕ್ಕ ಹಾಕುವ ಈ ಅಳತೆಯಲ್ಲಿ ಮಾದರಿ ಚಿಕ್ಕದಿದ್ದರೆ ಸಣ್ಣ ಸೋರಿಕೆಯೂ 'ಹೀರಿಕೆ'ಯಾಗಿ ಕಾಣುತ್ತದೆ.

ಹೈಡ್ರೋಜನ್ ಹೀರುವ ಇನ್ನೊಂದು ವಸ್ತುವಾದ ಲೋಹ-ಸಾವಯವ ಚೌಕಟ್ಟುಗಳ (ಎಂಒಎಫ್; ಲೋಹವನ್ನು ಸಾವಯವ ಕೊಂಡಿಗಳಿಂದ ಜೋಡಿಸಿದ ರಂಧ್ರಭರಿತ ಹರಳುಗಳು) ಕತೆಯಲ್ಲಿ ಖಳನಾಯಕ ತೇವಾಂಶ. 2003ರಲ್ಲಿ ಅವುಗಳಲ್ಲೊಂದಾದ ಎಂಒಎಫ್-5 ಶೇ. 4.5 ಹೀರಿತೆಂದು ವರದಿಯಾಯಿತು. 2007ರಲ್ಲಿ ಗಾಳಿ ಸೋಕದಂತೆ ತಯಾರಿಸಿದಾಗ 40 ಬಾರ್ ಒತ್ತಡದಲ್ಲಿ ಶೇ. 7.1 ಸಿಕ್ಕಿತು. ನೀರಿನ ಆವಿ ತಾಗಿದರೆ ಅದರ ಚೌಕಟ್ಟೇ ಮುರಿಯುತ್ತದೆ. ಆಗುಂಬೆಯ ಜುಲೈಯಲ್ಲಿ ಅದರ ಡಬ್ಬಿ ತೆರೆಯುವ ಮಾತೇ ಬೇಡ. ಇದ್ದಿಲು ಹಾಗಲ್ಲ, ಒದ್ದೆಯಾದರೂ ನಿರ್ವಾತದಲ್ಲಿ 200 ಡಿಗ್ರಿಗೆ ರಾತ್ರಿಯಿಡೀ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಸಿಪ್ಪೆಯನ್ನು ನೈಟ್ರೋಜನ್ ಹರಿವಿನಲ್ಲಿ 500 ಡಿಗ್ರಿಗೆ ಸುಟ್ಟು, ಬಂದ ಇದ್ದಿಲಿಗೆ ಮೂರು-ನಾಲ್ಕು ಪಟ್ಟು ತೂಕದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, 700-800 ಡಿಗ್ರಿಯಲ್ಲಿ ಮತ್ತೆ ಕಾಯಿಸಿ, ಹೈಡ್ರೋಜನ್ ಅಂಟುವ ಸಣ್ಣ ರಂಧ್ರಗಳನ್ನು ಮೂಡಿಸಬೇಕು. ಶಾಖ ಇನ್ನೂ ಏರಿದರೆ ರಂಧ್ರಗಳು ಅಗಲವಾಗಿ ಹಿಡಿತ ಸಡಿಲವಾಗುತ್ತದೆ. ಬೇಕಿರುವುದು ಒಂದು ನ್ಯಾನೋಮೀಟರ್‌ಗಿಂತ ಕಿರಿದಾದವು. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಬಳಿಕ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಉಳಿದ ಬೂದಿ ಬರೀ ತೂಕ ಹೆಚ್ಚಿಸುತ್ತದೆ. ಗ್ರಾಂ ಇದ್ದಿಲಿನ ರಂಧ್ರಗಳೊಳಗಿನ ಪ್ರತಿ 500 ಚದರ ಮೀಟರ್ ಮೇಲ್ಮೈಗೆ ಸುಮಾರು ಶೇ. 1 ಹೈಡ್ರೋಜನ್ ಎಂಬುದು ಇಲ್ಲಿನ ಒರಟು ಲೆಕ್ಕ.

ಇಷ್ಟು ಥಂಡಿ ಏಕೆಂದರೆ, ಹೈಡ್ರೋಜನ್ ರಂಧ್ರದ ಗೋಡೆಗೆ ಅಂಟುವ ಬಲ ಮೋಲ್‌ಗೆ (ಸುಮಾರು 2 ಗ್ರಾಂ ಹೈಡ್ರೋಜನ್‌ಗೆ) ಬರೀ 4-6 ಕಿಲೋಜೂಲ್. ಅಂಟುವಾಗ ಬಿಡುಗಡೆಯಾಗುವ ಈ ಶಾಖವೊಂದನ್ನೇ ತೆಗೆಯಲು ಕಿಲೋ ಹೈಡ್ರೋಜನ್‌ಗೆ ಸುಮಾರು 15 ಲೀಟರ್ ದ್ರವ ನೈಟ್ರೋಜನ್ ಆವಿಯಾಗುತ್ತದೆ. ಅನಿಲವನ್ನು ತಣ್ಣಗಾಗಿಸುವ ಖರ್ಚು ಬೇರೆ. ಪುಡಿಯಲ್ಲಿ ಶಾಖ ಸರಿಯಾಗಿ ಹರಿಯದ ಕಾರಣ ನಡುಭಾಗ ಬೆಚ್ಚಗೇ ಉಳಿದು, ಟ್ಯಾಂಕ್ ಅರೆಬರೆ ತುಂಬಿರುವಾಗಲೇ ಒತ್ತಡಮಾಪಕ 'ತುಂಬಿತು' ಎನ್ನುತ್ತದೆ. ಗ್ರಾಫೈಟ್ ಬೆರೆಸಿ ಬಿಲ್ಲೆಯಾಗಿ ಒತ್ತುವುದು ಇದಕ್ಕೇ. ಖಾಲಿ ಮಾಡುವಾಗ ಸಮಸ್ಯೆ ತಿರುವುಮುರುವು: ಒತ್ತಡ 5 ಬಾರ್‌ಗೆ ಇಳಿದರೂ ಒಂದಷ್ಟು ಅನಿಲ ಒಳಗೇ ಕಚ್ಚಿಕೊಂಡಿರುತ್ತದೆ, ಅದನ್ನು ಬಿಡಿಸಲು ಟ್ಯಾಂಕನ್ನು ಮೈನಸ್ 113 ಡಿಗ್ರಿಯ ಹತ್ತಿರಕ್ಕೆ ಬೆಚ್ಚಗೆ ಮಾಡಬೇಕು.