ಕಾರ್ಟಿಸಾಲ್: ಎದೆ ಡವಡವ ಅಂದದ್ದೆಲ್ಲ ಅದಲ್ಲ

ಬೊಂಡದ ನೀರಿಗೆ ಕಿತ್ತಳೆ ರಸ, ಚಿಟಿಕೆ ಉಪ್ಪು ಹಾಕಿ ಕುಡಿದರೆ ‘ಕಾರ್ಟಿಸಾಲ್ ಇಳಿಯುತ್ತದೆ’ ಅನ್ನುವ ರೀಲ್ ನಿಮಗೂ ಬಂದಿರಬೇಕು. ಕಾರ್ಟಿಸಾಲ್ ಅಂದರೆ ಒತ್ತಡ ಬಂದಾಗ ಮೈಯಲ್ಲಿ ಏರುವ ಒಂದು ಹಾರ್ಮೋನು. ಮುಖ ಊದಿದರೆ ಕಾರ್ಟಿಸಾಲ್, ಹೊಟ್ಟೆ ಬಂದರೆ ಕಾರ್ಟಿಸಾಲ್, ಬಾಸ್ ಬೈದಾಗ ಕೈ ನಡುಗಿದರೆ ಅದೂ ಕಾರ್ಟಿಸಾಲ್. ಮಂಗಳೂರಿನ ಜಿಮ್‌ಗಳಲ್ಲಿ ಪ್ರೋಟೀನ್ ಪುಡಿಯ ಜೊತೆಗೇ ಈ ಮಾತೂ ಓಡಾಡುತ್ತಿದೆ. ಬೊಂಡ ಧಾರಾಳ ಕುಡಿಯಿರಿ, ನಮ್ಮ ಸೆಕೆಗೆ ಬೇಕು ಕೂಡ. ಅದಕ್ಕೆ ಹಾರ್ಮೋನಿನ ಹೆಸರು ಮಾತ್ರ ಹಚ್ಚಬೇಡಿ ಮಾರಾಯ್ರೆ.

ಅತಿ ಹೆಚ್ಚು ಕಿರಿಕಿರಿ ಮಾಡುವುದು ಒಂದು ಗೊಂದಲ. ಅಡ್ರಿನಲಿನ್ ಅನ್ನುವ ಇನ್ನೊಂದು ಹಾರ್ಮೋನು ಮಾಡುವ ಕೆಲಸವನ್ನೆಲ್ಲ ಕಾರ್ಟಿಸಾಲ್ ತಲೆಗೆ ಕಟ್ಟುವುದು. ಎರಡೂ ಬರುವುದು ಒಂದೇ ಗ್ರಂಥಿಯಿಂದ, ಅದು ನಿಜ. ‘ಅಡ್ರಿನಲ್’ ಅಂದರೆ ಲ್ಯಾಟಿನ್‌ನಲ್ಲಿ ‘ಕಿಡ್ನಿಯ ಹತ್ತಿರದ್ದು’. ಒಂದೊಂದು ಕಿಡ್ನಿಯ ನೆತ್ತಿಯ ಮೇಲೆ ಒಂದೊಂದು ಕೂತಿದೆ. ಅದರ ಹೊರಪದರಕ್ಕೆ ಕಾರ್ಟೆಕ್ಸ್ ಅಂತ ಹೆಸರು, ಅಂದರೆ ಮರದ ತೊಗಟೆ. ಒಳಗಿನದು ಮೆಡುಲಾ, ತಿರುಳು. ಕಾರ್ಟಿಸಾಲ್ ತೊಗಟೆಯದು, ಹೆಸರಿನಲ್ಲೇ ಇದೆ. ಅಡ್ರಿನಲಿನ್ ತಿರುಳಿನದು. ಈ ತೊಗಟೆ, ತಿರುಳು ನೆನಪಿದ್ದರೆ ಅರ್ಧ ಜಗಳ ಮುಗಿಯಿತು. ಯಾಕೆಂದರೆ ತಿರುಳಿಗೆ ನರಗಳ ನೇರ ಸಂಪರ್ಕ ಇದೆ, ಅದು ಕ್ಷಣದಲ್ಲಿ ಎದ್ದು ಕೂರುತ್ತದೆ. ತೊಗಟೆಗೆ ಸುದ್ದಿ ರಕ್ತದಲ್ಲಿ ಬರಬೇಕು. ಮಿದುಳಿನ ಹೈಪೊಥಲಾಮಸ್ ಅನ್ನುವ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಹೇಳಿ, ಪಿಟ್ಯುಟರಿ ತೊಗಟೆಗೆ ಹೇಳಿ, ಆಮೇಲೆ ಕಾರ್ಟಿಸಾಲ್.

ಪಡುಬಿದ್ರಿಯಲ್ಲಿ ರಸ್ತೆ ದಾಟುತ್ತಿದ್ದೀರಿ. ಟೈಮಿಂಗ್ ತಪ್ಪಿದ ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಮೈಮೇಲೇ ಬಂತು ಅನ್ನುವಾಗ ಹಾರಿ ಹಿಂದೆ ಸರಿದಿರಿ. ಎದೆ ಡವಡವ, ಬಾಯಿ ಒಣಗಿದೆ, ಅಂಗೈ ಒದ್ದೆ. ಇದು ನರಗಳದ್ದು ಮತ್ತು ಅಡ್ರಿನಲಿನ್‌ನದು. ಕಾರ್ಟಿಸಾಲ್ ರಕ್ತದಲ್ಲಿ ತುದಿ ಮುಟ್ಟಲು ಸುಮಾರು 20-30 ನಿಮಿಷ ಬೇಕು. ಅಷ್ಟೊತ್ತಿಗೆ ಆ ಬಸ್ಸು ಉಡುಪಿ ಹತ್ತಿರ ಇರುತ್ತದೆ. ನೀವು ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಡ್ರೈವರನ್ನು ಬೈಯುತ್ತಿರುತ್ತೀರಿ. ಕಾರ್ಟಿಸಾಲ್ ಆಗ ಲಿವರಿನಲ್ಲಿ ಸಕ್ಕರೆ ಹೆಚ್ಚು ತಯಾರಾಗುವಂತೆ ಮಾಡುತ್ತಿರುತ್ತದೆ. ಅದು ನಿಮಗೆ ಗೊತ್ತೂ ಆಗುವುದಿಲ್ಲ.

‘ಜೀರೋ ಕಾರ್ಟಿಸಾಲ್ ಲೈಫ್’ ಅನ್ನುವವರಿಗೆ ಒಂದೇ ಮಾತು. ತೊಗಟೆ ಕೆಟ್ಟು ಕಾರ್ಟಿಸಾಲ್ ಬತ್ತಿಹೋಗುವ ಕಾಯಿಲೆ ಇದೆ. 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ್ದು. ಮದ್ದು ಕೊಡದಿದ್ದರೆ ಜೀವಕ್ಕೇ ಸಂಚಕಾರ. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಕೂಡ ಕಾರ್ಟಿಸಾಲ್ ಬೇಕು. ಎದ್ದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಅದು ಏರುತ್ತದೆ, ಮಧ್ಯರಾತ್ರಿಯ ಹೊತ್ತಿಗೆ ತಳ ಸೇರುತ್ತದೆ.

ಹಾಗಾದರೆ ಟೆನ್ಷನ್‌ನಿಂದ ಬಿಪಿ, ಶುಗರ್ ಬರುವುದು ಸುಳ್ಳಾ? ಅಲ್ಲ. ಆದರೆ ದಾರಿ ಸ್ವಲ್ಪ ಸುತ್ತು. ಕಾರ್ಟಿಸಾಲ್ ಮೂಲತಃ ಉರಿಯೂತ, ಅಂದರೆ ಗಾಯ, ಸೋಂಕು ಆದಾಗ ಮೈ ಕೆಂಪಾಗಿ ಊದಿಕೊಳ್ಳುವುದನ್ನು, ಅಡಗಿಸುವ ಹಾರ್ಮೋನು. ಡಾಕ್ಟರ್ ಸ್ಟೀರಾಯ್ಡ್ ಬರೆದರೆ ಬೆಚ್ಚಿಬೀಳುವವರ ಮೈಯಲ್ಲೇ ದಿನಾ ತಯಾರಾಗುವ ಸ್ಟೀರಾಯ್ಡ್ ಇದು. ಇದರದೇ ಹತ್ತಿರದ ಸಂಬಂಧಿ ಕಾರ್ಟಿಸೋನನ್ನು 1948ರಲ್ಲಿ ಅಮೆರಿಕದ ಡಾಕ್ಟರ್ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗಳಿಗೆ ಕೊಟ್ಟು ನೋಡಿದರು. 1950ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ಉರಿಯೂತ ಅಡಗಿಸುವುದೇ ಜಾಸ್ತಿಯಾದರೆ ಉರಿಯೂತ ಕಮ್ಮಿಯಾಗಬೇಕು, ಅಲ್ವಾ? ಆದರೆ ವರ್ಷಗಟ್ಟಲೆ ಒತ್ತಡದಲ್ಲಿ ಇರುವವರಲ್ಲಿ ಕಾಣುವುದು ಇದರ ಉಲ್ಟಾ.

ಅಮೆರಿಕದ ಪಿಟ್ಸ್‌ಬರ್ಗಿನ ಸಂಶೋಧಕ ಶೆಲ್ಡನ್ ಕೋಹೆನ್ ತಂಡ 2012ರಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ಆರೋಗ್ಯವಂತರ ಮೂಗಿಗೆ ಶೀತದ ವೈರಸ್ ಬಿಟ್ಟು ನೋಡಿದರು. ದೀರ್ಘ ಕಾಲದ ಒತ್ತಡದಲ್ಲಿದ್ದವರ ರಕ್ತಕಣಗಳು ಕಾರ್ಟಿಸಾಲ್ ಮಾತು ಕೇಳುವುದನ್ನು ಕಡಿಮೆ ಮಾಡಿದ್ದವು. ಹೈವೇ ಬದಿಯ ಮನೆಯವರಿಗೆ ಹಾರ್ನ್ ಕೇಳಿಸದ ಹಾಗೆ. ಹಾಗೆ ಕಿವುಡಾದವರಲ್ಲೇ ಶೀತ ಜಾಸ್ತಿ. ಅಂದರೆ ಪ್ರಶ್ನೆ ಕಾರ್ಟಿಸಾಲ್ ಎಷ್ಟಿದೆ ಅನ್ನುವುದಲ್ಲ, ಕೇಳುವವರು ಇದ್ದಾರಾ ಅನ್ನುವುದು. ಆ ಕಡೆ ಉರಿಯೂತ ಅಡಗುವುದಿಲ್ಲ, ಈ ಕಡೆ ಸಕ್ಕರೆ, ಬಿಪಿ ಮೇಲಿನ ಒತ್ತಾಯ ನಿಲ್ಲುವುದಿಲ್ಲ. ಒತ್ತಡದಿಂದ ಮೈಗೆ ಆಗುವ ಈ ಸವೆತಕ್ಕೆ 1993ರಿಂದ ‘ಅಲೋಸ್ಟಾಟಿಕ್ ಲೋಡ್’ ಅಂತ ಒಂದು ಹೆಸರಿದೆ. ರೀಲ್‌ನವರಿಗೆ ಅದು ಬೇಡ, ಉಚ್ಚಾರಕ್ಕೆ ಕಷ್ಟ.

ಆದರೂ ಎಲ್ಲವನ್ನೂ ಟೆನ್ಷನ್ ಮೇಲೆ ಹಾಕಬೇಡಿ. ನಮ್ಮಲ್ಲಿ ಬಸ್ ಡ್ರೈವರಿಗೆ ಹಾರ್ಟ್ ತೊಂದರೆ ಅಂದ ಕೂಡಲೇ ‘ಟೈಮಿಂಗ್ ಟೆನ್ಷನ್’ ಅಂದುಬಿಡುತ್ತೇವೆ. 1953ರಲ್ಲಿ ಸಂಶೋಧಕ ಜೆರೆಮಿ ಮಾರಿಸ್ ಲಂಡನ್ನಿನ ಬಸ್‌ನವರನ್ನು ನೋಡಿದರು. ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಮ್ಮಿ. ಮಾರಿಸ್ ಬೊಟ್ಟು ಮಾಡಿದ್ದು ಡಬಲ್ ಡೆಕ್ಕರಿನ ಮೆಟ್ಟಿಲಿನ ಕಡೆಗೆ. ಕಂಡಕ್ಟರು ದಿನವಿಡೀ ಹತ್ತಿಳಿಯುತ್ತಾನೆ, ಡ್ರೈವರು ಕೂತೇ ಇರುತ್ತಾನೆ.

ಆತಂಕದ ವಿಚಾರಕ್ಕೆ ಬಂದರೆ ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೇ ಒಳ್ಳೆಯ ಕೆಲಸ ಆಗಿದೆ. ಸುಮಂತ್ರ ಚಟರ್ಜಿ ಅವರ ಲ್ಯಾಬಿನವರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲ್ಲಾಡದ ಹಾಗೆ ಹಿಡಿದಿಟ್ಟರು. ನೆನಪಿನ ಜಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದವು. ಭಯದ ಜಾಗವಾದ ಅಮಿಗ್ಡಲಾದಲ್ಲಿ ಬೆಳೆದವು! 21 ದಿನ ಸುಮ್ನೆ ಬಿಟ್ಟ ಮೇಲೆ ನೋಡಿದರೂ ಅಮಿಗ್ಡಲಾದ ಬೆಳವಣಿಗೆ ಇಳಿದಿರಲಿಲ್ಲ, ಇಲಿಗಳ ಅಂಜಿಕೆಯೂ ಹೋಗಿರಲಿಲ್ಲ. ಇಲಿ ಮನುಷ್ಯ ಅಲ್ಲ, ಸರಿ. ಆದರೆ ‘ಎರಡು ದಿನ ಮಲ್ಪೆ ಬೀಚಿಗೆ ಹೋಗಿ ಬಂದರೆ ಎಲ್ಲ ಸರಿಯಾಗುತ್ತೆ’ ಅನ್ನುವವರು ಇದನ್ನು ಒಮ್ಮೆ ಯೋಚಿಸಬಹುದು.

ಇನ್ನು ‘ಕಾರ್ಟಿಸಾಲ್ ಮುಖ’. ಕಾರ್ಟಿಸಾಲ್ ನಿಜಕ್ಕೂ ಮಿತಿಮೀರಿದರೆ ಬರುವುದು ಕುಶಿಂಗ್ ಸಿಂಡ್ರೋಮ್. ಮುಖ ದುಂಡಗಾಗುತ್ತದೆ ನಿಜ, ಜೊತೆಗೆ ಹೊಟ್ಟೆಯ ಮೇಲೆ ನೇರಳೆ ಪಟ್ಟಿ, ತಾಗಿದಲ್ಲೆಲ್ಲ ನೀಲಿಗಟ್ಟುವ ಚರ್ಮ, ಕುರ್ಚಿಯಿಂದ ಏಳಲಾಗದಷ್ಟು ತೊಡೆ ಸೋಲು. ಆಫೀಸ್ ಟೆನ್ಷನ್‌ನಿಂದ ಬರುವಂಥದ್ದಲ್ಲ. ಹೆಚ್ಚಿನ ಸಲ ಕಾರಣ ಬಹಳ ದಿನ ನುಂಗಿದ ಸ್ಟೀರಾಯ್ಡ್ ಮಾತ್ರೆ. ಅಂಥವರು ರೀಲ್ ನೋಡಿ ಹೆದರಿ ಮಾತ್ರೆ ಒಮ್ಮೆಲೇ ಬಿಡಲೇಬಾರದು. ಅಷ್ಟು ದಿನ ಸುಮ್ಮನಿದ್ದ ತೊಗಟೆ ಕೂಡಲೇ ಕೆಲಸ ಶುರು ಮಾಡುವುದಿಲ್ಲ. ಡಾಕ್ಟರು ಹೇಳಿದ ಹಾಗೆ ಇಳಿಸಿಕೊಂಡು ಬರಬೇಕು.

ಲ್ಯಾಬಿಗೆ ಹೋಗಿ ಯಾವುದೋ ಹೊತ್ತಿನಲ್ಲಿ ರಕ್ತ ಕೊಟ್ಟು ‘ನನ್ನದು ಹೈ ಇದೆ’ ಅನ್ನುವವರೂ ಇದ್ದಾರೆ. ಬೆಳಿಗ್ಗೆ 8ಕ್ಕೆ ಜಾಸ್ತಿ ಇರುವುದೇ ಸರಿ. ಕುಶಿಂಗ್ ಸಂಶಯ ಬಂದರೆ ಡಾಕ್ಟರು ನೋಡುವುದು ತಡರಾತ್ರಿಯ ಎಂಜಲು, 24 ಗಂಟೆಯ ಮೂತ್ರ, ಇಲ್ಲವೇ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟು ಮರುದಿನ ಬೆಳಿಗ್ಗೆಯ ರಕ್ತ. ಇಳಿಯಬೇಕಾದ ಹೊತ್ತಿನಲ್ಲಿ ಇಳಿಯುತ್ತದೆಯೇ ಅನ್ನುವುದಷ್ಟೇ ಅವರಿಗೆ ಬೇಕಾದ್ದು.